ಪಟ್ಟಿ ಬರೆಯುವ ಕೈಗೆ ಪೈಥಾನ್

ನಾನು ಬ್ಯಾಡಗಿಯ ಒಂದು ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಪಿಯುಸಿವರೆಗೆ ಕನ್ನಡ ಮಾಧ್ಯಮ, ಆಮೇಲೆ ಹಾವೇರಿಯಲ್ಲಿ ಬಿ.ಕಾಂ. ಟ್ಯಾಲಿ, ಎಕ್ಸೆಲ್ ದಿನಾ ಬಳಸುತ್ತೇನೆ. ಆದರೆ ಪ್ರೋಗ್ರಾಮ್ ಬರೆಯುವುದು ನಮ್ಮಂಥವರ ಕೆಲಸ ಅಲ್ಲ ಅಂತಲೇ ತುಂಬಾ ದಿನ ಅಂದುಕೊಂಡಿದ್ದೆ. ಈಗ ಅಂಗಡಿಯ ಪಟ್ಟಿ ಲೆಕ್ಕವನ್ನು ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ನಾನೇ ಬರೆದಿದ್ದೇನೆ. ಏನೇನು ಕಲಿತೆ ಅನ್ನುವುದಕ್ಕಿಂತ, ಕಲಿಯುವಾಗ ಮನಸ್ಸು ಮುರಿಯದ ಹಾಗೆ ಹೇಗೆ ನೋಡಿಕೊಂಡೆ ಅನ್ನುವುದನ್ನು ಹೇಳಬೇಕು ಅನ್ನಿಸಿತು. ಯಾಕಂದ್ರೆ ನನ್ನ ಜೊತೆ ಶುರು ಮಾಡಿ ಅರ್ಧಕ್ಕೆ ಬಿಟ್ಟವರಲ್ಲಿ ನನಗಿಂತ ಜಾಣರು ಇದ್ದರು.

ಮೊದಲು ಪೇಟೆಯ ಕೆಲಸ ಸ್ವಲ್ಪ ಹೇಳುತ್ತೇನೆ. ಬ್ಯಾಡಗಿ ಎಪಿಎಂಸಿಯಲ್ಲಿ ಸೋಮವಾರ, ಗುರುವಾರ ಮೆಣಸಿನಕಾಯಿ ಟೆಂಡರ್. ಫೆಬ್ರುವರಿ, ಮಾರ್ಚ್ ಹೊತ್ತಿಗೆ ಒಂದೇ ದಿನ ಲಕ್ಷಕ್ಕೂ ಜಾಸ್ತಿ ಚೀಲ ಬರುವುದುಂಟು. ಡಬ್ಬಿ, ಕಡ್ಡಿ ಅಂತ ಮೆಣಸಿನಕಾಯಿಯ ಬಗೆಗಳು, ಒಂದೊಂದು ಲಾಟಿಗೆ, ಅಂದ್ರೆ ರಾಶಿಗೆ, ಒಂದೊಂದು ದರ. ಟೆಂಡರ್ ಮುಗಿದು ತೂಕ ಆದಮೇಲೆ ನಮ್ಮ ಕೆಲಸ ಶುರು. ತೂಕ, ದರ, ಖರ್ಚು, ಕೈಗೆ ಬರುವ ಮೊತ್ತ ಎಲ್ಲಾ ಸೇರಿಸಿ ಪಟ್ಟಿ ಬರೆಯಬೇಕು. ರೈತರು ಎದುರಿಗೇ ನಿಂತಿರುತ್ತಾರೆ. ವರ್ಷದ ದುಡಿಮೆ ಆ ಒಂದು ಕಾಗದದ ಮೇಲೆ ಇರುತ್ತದೆ. ಒಂದು ರೂಪಾಯಿ ಹೆಚ್ಚುಕಡಿಮೆ ಆದರೂ "ಯಾಕ್ರೀ ಅಕ್ಕಾರ, ಇದು ಹೆಂಗ ಬಂತು?" ಅಂತ ಕೇಳುತ್ತಾರೆ. ಕೇಳಲೇಬೇಕು. ಅವರ ದುಡ್ಡು ಅದು.

ಹೀಗಾಗಿ ಲೆಕ್ಕ ಬರೆಯುವವರಿಗೆ ತಪ್ಪು ಅಂದ್ರೆ ಅವಮಾನ. ಚಿತ್ತು ಹೊಡೆದ ಪಟ್ಟಿಯನ್ನು ಯಾರ ಕೈಗೂ ಕೊಡುವುದಿಲ್ಲ. ಬರೆದದ್ದು ಮೊದಲ ಸಲವೇ ಸರಿ ಇರಬೇಕು. ಇದನ್ನೇ ರೂಢಿ ಮಾಡಿಕೊಂಡು ಬಂದ ನಾನು ಪ್ರೋಗ್ರಾಮಿಂಗ್ ಕಲಿಯಲು ಕೂತಾಗ ಅಡ್ಡ ನಿಂತದ್ದು ಗಣಿತ ಅಲ್ಲ. ಮೊದಲ ಸಲವೇ ಸರಿ ಬರಬೇಕು ಅನ್ನುವ ಈ ರೂಢಿ ಅಡ್ಡ ನಿಂತಿತು. ಪ್ರೋಗ್ರಾಮಿಂಗಿನಲ್ಲಿ ಯಾರಿಗೂ ಮೊದಲ ಸಲ ಸರಿ ಬರುವುದಿಲ್ಲ. ಇಪ್ಪತ್ತು ವರ್ಷ ಬರೆದವರಿಗೂ ಬರುವುದಿಲ್ಲ. ಬರೆ, ಓಡಿಸು, ಎಲ್ಲಿ ನಿಂತಿತು ನೋಡು, ತಿದ್ದು, ಮತ್ತೆ ಓಡಿಸು. ಈ ಕೆಲಸ ನಡೆಯುವುದೇ ಹೀಗೆ. ಇದನ್ನು ನನಗೆ ಯಾರಾದರೂ ಮೊದಲ ದಿನವೇ ಬಿಡಿಸಿ ಹೇಳಿದ್ದರೆ ಎಷ್ಟೋ ಸಂಕಟ ತಪ್ಪುತ್ತಿತ್ತು.

ಶುರು ಮಾಡಿದ್ದು ಹುಬ್ಬಳ್ಳಿಯಲ್ಲಿ, ವಿದ್ಯಾನಗರದ ಕಡೆ ಭಾನುವಾರ ನಡೆಯುತ್ತಿದ್ದ ಒಂದು ಕ್ಲಾಸಿನಲ್ಲಿ. ಬೆಳಿಗ್ಗೆ ರೈಲು ಹತ್ತಿ ಹೋಗುವುದು, ಸಂಜೆ ವಾಪಸ್ ಬರುವುದು. ಕಲಿಸುವವರು ತೆರೆಯ ಮೇಲೆ ಕೋಡ್ ಬರೆಯುತ್ತಾ ಹೋಗುತ್ತಿದ್ದರು, ನಾವು ನೋಡಿಕೊಂಡು ಬರೆಯುತ್ತಿದ್ದೆವು. ಅವರದು ಓಡುತ್ತಿತ್ತು, ನಮ್ಮದು ನಿಲ್ಲುತ್ತಿತ್ತು. ಅವರು ಎರರ್ ತೋರಿಸಿದ್ದೇ ಇಲ್ಲ. ಯಾರಾದರೂ ಕೈ ಎತ್ತಿದರೆ ಬಂದು, ಕೀಬೋರ್ಡ್ ತಾವೇ ತಗೊಂಡು, ಸರಿ ಮಾಡಿ, ಮುಂದೆ ಹೋಗುತ್ತಿದ್ದರು. ಏನು ತಪ್ಪಿತ್ತು, ಅದನ್ನು ಹೇಗೆ ಹಿಡಿದರು ಅನ್ನುವುದು ಗೊತ್ತೇ ಆಗುತ್ತಿರಲಿಲ್ಲ. ಒಂದು ದಿನ "ಕಾಮರ್ಸ್ ಹುಡುಗಿಯರಿಗೆ ಇದು ಸ್ವಲ್ಪ ಭಾರಾನೇ" ಅಂದರು. ಪಕ್ಕದಲ್ಲಿ ಕೂರುತ್ತಿದ್ದ ಗದಗಿನ ಹುಡುಗಿ ಮುಂದಿನ ವಾರದಿಂದ ಬರಲಿಲ್ಲ. ಅವಳು ಲೆಕ್ಕದಲ್ಲಿ ಬಹಳ ಚುರುಕು. ಈಗಲೂ ನೆನಪಾದರೆ ಬೇಜಾರಾಗುತ್ತದೆ.

ಕೋರ್ಸ್ ಮುಗಿಯಿತು, ನನ್ನ ತಲೆಯಲ್ಲಿ ಏನೂ ಉಳಿದಿರಲಿಲ್ಲ. ನಿಜವಾದ ಕಲಿಕೆ ಶುರುವಾದದ್ದು ಆಮೇಲೆ, ಮನೆಯಲ್ಲಿ. ತಮ್ಮ ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಓದುತ್ತಾನೆ, ರಜೆಗೆ ಬಂದಿದ್ದ. ತೂಕವನ್ನು ದರದಿಂದ ಗುಣಿಸುವ ನಾಲ್ಕು ಸಾಲು ಬರೆದು ಓಡಿಸಿದೆ. ಪೈಥಾನ್ ಬರೆದು ಓಡಿಸುವ ಐಡಲ್ ಕಿಟಕಿಯ ತುಂಬಾ ಕೆಂಪು ಅಕ್ಷರ. ಕೂಡಲೇ ಅಳಿಸಲು ಹೋದೆ.

"ಅಕ್ಕಾ, ತಡಿ. ಅಳಿಸಬ್ಯಾಡ. ಮೊದ್ಲ ಕಡೀ ಸಾಲು ಓದು."

"ಏನೋ ತಪ್ಪೈತಿ ಅಂತ ಹೇಳಾಕತ್ತೈತಿ, ಮತ್ತೇನು ಓದೂದು?"

"ಏನ್ ತಪ್ಪೈತಿ ಅಂತ ಬರದೈತಿ. ಓದಿ ಹೇಳು ನನಗ."

ಓದಿದೆ. ಎರರ್ ಬಂದಾಗ ಪೈಥಾನ್ ತೋರಿಸುವ ಈ ಸಾಲುಗಳಿಗೆ ಟ್ರೇಸ್‌ಬ್ಯಾಕ್ ಅನ್ನುತ್ತಾರೆ, ಅದನ್ನು ಓದುವ ಕ್ರಮ ಅದೇ. ಕೊನೆಯ ಸಾಲಿನಲ್ಲಿ ಎರರಿನ ಹೆಸರು ಮತ್ತು ಕಾರಣ ಇರುತ್ತದೆ. ಅದರ ಮೇಲೆ ಯಾವ ಫೈಲು, ಎಷ್ಟನೇ ಸಾಲು ಅಂತ ಇರುತ್ತದೆ. ಇಷ್ಟುದ್ದ ಕಂಡರೂ ಮೊದಲು ಓದಬೇಕಾದ್ದು ಆ ಎರಡೇ. ನಾನು ತೂಕ ಅನ್ನುವುದನ್ನು ಇಂಗ್ಲಿಷ್ ಅಕ್ಷರದಲ್ಲಿ ಒಂದು ಕಡೆ ಒಂದು ಥರ, ಇನ್ನೊಂದು ಕಡೆ ಇನ್ನೊಂದು ಥರ ಬರೆದಿದ್ದೆ. ಆ ಮೆಸೇಜು "ಈ ಹೆಸರು ಗೊತ್ತಿಲ್ಲ, ನಿಮಗೆ ಬೇಕಿದ್ದದ್ದು ಅದಾ?" ಅಂತ ಸರಿಯಾದ ಹೆಸರನ್ನೇ ಮುಂದಿಟ್ಟಿತ್ತು. 2021ರಲ್ಲಿ ಬಂದ ಪೈಥಾನ್ 3.10ರಿಂದ ಎರರ್ ಮೆಸೇಜುಗಳು ಹೀಗೆ ಸುಧಾರಿಸಿವೆ. ಬೈಯುತ್ತಿದೆ ಅಂತ ನಾನು ಅಂದುಕೊಂಡಿದ್ದದ್ದು ಸಹಾಯ ಮಾಡುತ್ತಿತ್ತು.

ಅವತ್ತೇ ಒಂದು ಇನ್ನೂರು ಪುಟದ ನೋಟ್‌ಬುಕ್ ತಗೊಂಡೆ. ಬಂದ ಪ್ರತಿ ಎರರಿನ ಹೆಸರು, ಅದು ಹೇಳುವುದೇನು ಅಂತ ನನ್ನ ಮಾತಿನಲ್ಲಿ ಕನ್ನಡದಲ್ಲಿ ಒಂದು ಸಾಲು, ಕಾರಣ ಏನಿತ್ತು ಅಂತ ಇನ್ನೊಂದು ಸಾಲು. ನೇಮ್‌ಎರರ್ ಅಂದ್ರೆ "ಈ ಹೆಸರಿನವರು ಇಲ್ಲಿ ಯಾರೂ ಇಲ್ಲ". ಟೈಪ್‌ಎರರ್ ಅಂದ್ರೆ "ಅಂಕಿಗೂ ಅಕ್ಷರಕ್ಕೂ ಕೂಡಿಸಲು ಬರಲ್ಲ". ಇಂಡೆಂಟೇಶನ್‌ಎರರ್ ಅಂದ್ರೆ "ಸಾಲಿನ ಮುಂದಿನ ಜಾಗ ಹೆಚ್ಚುಕಡಿಮೆ ಆಗಿದೆ". ಹತ್ತಿಪ್ಪತ್ತು ಪುಟ ತುಂಬುವಷ್ಟರಲ್ಲಿ ಒಂದು ವಿಷಯ ಕಣ್ಣಿಗೆ ಬಿತ್ತು. ಬರುತ್ತಿದ್ದದ್ದು ಅವೇ ಐದಾರು ಎರರ್, ತಿರುಗಿ ತಿರುಗಿ. ಊರೆಲ್ಲಾ ನನ್ನ ಮೇಲೆ ಬಿದ್ದ ಹಾಗೆ ಅನ್ನಿಸುತ್ತಿದ್ದದ್ದು ಐದಾರು ಜನರ ಕೆಲಸ! ಭಯ ಅರ್ಧ ಇಳಿಯಿತು.

ಇಂಗ್ಲಿಷಿನ ಕಥೆ ಬೇರೆ. ಕನ್ನಡ ಮಾಧ್ಯಮದವರು ಇದನ್ನು ಗಮನವಿಟ್ಟು ಓದಬೇಕು ಅಂತ ನನ್ನ ಆಸೆ. ಒಂದು ಪಾಠ ಅರ್ಥವಾಗದಿದ್ದಾಗ ನನಗೆ ಪ್ರೋಗ್ರಾಮಿಂಗ್ ಅರ್ಥವಾಗುತ್ತಿಲ್ಲವೋ, ಇಂಗ್ಲಿಷ್ ವಾಕ್ಯ ಅರ್ಥವಾಗುತ್ತಿಲ್ಲವೋ ಗೊತ್ತಾಗುತ್ತಿರಲಿಲ್ಲ. ಎರಡನ್ನೂ ಸೇರಿಸಿ "ನನ್ನ ತಲೆಗೆ ಹತ್ತಲ್ಲ" ಅಂದುಬಿಡುತ್ತಿದ್ದೆ. ಇವನ್ನು ಬೇರೆ ಮಾಡಲು ಒಂದು ದಾರಿ ಸಿಕ್ಕಿತು. 2008ರಲ್ಲಿ ಬಂದ ಪೈಥಾನ್ 3ರಲ್ಲಿ ವೇರಿಯೇಬಲ್ ಹೆಸರುಗಳನ್ನು, ಅಂದ್ರೆ ಲೆಕ್ಕದ ಬೆಲೆಗಳಿಗೆ ನಾವು ಇಡುವ ಹೆಸರುಗಳನ್ನು, ಕನ್ನಡ ಅಕ್ಷರದಲ್ಲೇ ಬರೆಯಬಹುದು. ತೂಕ, ದರ, ಮೊತ್ತ, ಖರ್ಚು. ಇಫ್, ಫಾರ್, ಪ್ರಿಂಟ್ ಇಂಥ ಕೆಲವು ಪದ ಮಾತ್ರ ಇಂಗ್ಲಿಷಿನಲ್ಲೇ ಇರಬೇಕು. "ಮೊತ್ತ ಅಂದ್ರೆ ತೂಕ ಗುಣಿಸು ದರ" ಅಂತ ಕನ್ನಡದಲ್ಲಿ ಬರೆದದ್ದು ಓಡಿ ಉತ್ತರ ಕೊಟ್ಟ ದಿನ ನನಗೆ ಖಾತ್ರಿ ಆಯಿತು. ತರ್ಕ ನನಗೆ ಬರುತ್ತದೆ, ಇಂಗ್ಲಿಷ್ ನಿಧಾನ ಅಷ್ಟೇ. ಕಂಪನಿಗಳಲ್ಲಿ ಹೀಗೆ ಬರೆಯುವುದಿಲ್ಲ, ಅದು ಗೊತ್ತು. ನಾನೂ ಆಮೇಲೆ ಇಂಗ್ಲಿಷ್ ಹೆಸರುಗಳಿಗೆ ಬದಲಾದೆ. ಆದರೆ ಕಲಿಯುವ ದಿನಗಳಲ್ಲಿ ಒಂದು ಹೊರೆ ಕೆಳಗಿಟ್ಟು ಇನ್ನೊಂದನ್ನು ಹೊರುವುದರಲ್ಲಿ ತಪ್ಪೇನಿದೆ?

ಕೆಂಪು ಅಕ್ಷರದ ಭಯ ಹೋದಮೇಲೆ ಅದಕ್ಕಿಂತ ದೊಡ್ಡದೊಂದು ಎದುರಾಯಿತು. ಎರರೇ ಬರದೆ ತಪ್ಪು ಉತ್ತರ ಬರುವುದು. ಎರಡು ಚೀಲದ ತೂಕ ಕೇಳಿ ಕೂಡಿಸುವ ಪ್ರೋಗ್ರಾಮ್ ಬರೆದಿದ್ದೆ. 40, 41 ಅಂತ ಕೊಟ್ಟರೆ 4041 ಅಂತ ಬಂತು. ಕೀಬೋರ್ಡಿನಿಂದ ಬಂದದ್ದೆಲ್ಲಾ ಪೈಥಾನಿಗೆ ಅಕ್ಷರ, ನಾವು ಹೇಳುವವರೆಗೂ ಅಂಕಿ ಅಲ್ಲ. ಎರಡು ಅಕ್ಷರಮಾಲೆ ಕೂಡಿಸು ಅಂದರೆ ಪಕ್ಕ ಪಕ್ಕ ಜೋಡಿಸಿಡುತ್ತದೆ. 4041 ಕಿಲೋ ಅಂದರೆ ಯಾರಿಗಾದರೂ ಗೊತ್ತಾಗುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ತಪ್ಪಾದರೆ? ಅದಕ್ಕೆ ನನ್ನ ಹಳೇ ಕೆಲಸವೇ ನೆರವಿಗೆ ಬಂತು. ಹಿಂದಿನ ಹಂಗಾಮಿನ ಪಟ್ಟಿಗಳ ನಕಲು ಅಂಗಡಿಯಲ್ಲಿತ್ತು. ಸಾವ್ಕಾರರನ್ನು ಕೇಳಿ ಒಂದು ಕಟ್ಟು ತಗೊಂಡೆ. ಪ್ರೋಗ್ರಾಮಿನ ಉತ್ತರವನ್ನು ಒಂದೊಂದಾಗಿ ಕೈಪಟ್ಟಿಗೆ ತಾಳೆ ನೋಡುತ್ತಾ ಹೋದೆ.

ಬಹುಪಾಲು ಸರಿ ಇದ್ದವು. ಅಲ್ಲೊಂದು ಇಲ್ಲೊಂದು ಒಂದು ರೂಪಾಯಿ ಕಡಿಮೆ.

ಈ ಒಂದು ರೂಪಾಯಿ ನನ್ನನ್ನು ಕಾಡಿದಷ್ಟು ಬೇರೆ ಯಾವುದೂ ಕಾಡಲಿಲ್ಲ. ಕೋಡನ್ನು ಸಾಲು ಸಾಲು ನೋಡಿದೆ. ಗುಣಾಕಾರ ಸರಿ. ಖರ್ಚು ಸರಿ. ರಾತ್ರಿ ಹಾಸಿಗೆಯಲ್ಲೂ ಅದೇ. ಕೊನೆಗೆ ತಾಳೆಯಾಗದ ಪಟ್ಟಿಗಳನ್ನಷ್ಟೇ ಬೇರೆ ತೆಗೆದು, ನಮ್ಮ ಅಂಗಡಿಯ ಹಿರಿಯ ಗುಮಾಸ್ತರ ಮುಂದೆ ಇಟ್ಟೆ. ಅವರಿಗೆ ಕಂಪ್ಯೂಟರ್ ಮುಟ್ಟುವ ರೂಢಿ ಇಲ್ಲ. ನಾವೆಲ್ಲಾ ಅವರಿಗೆ ಕಾಕಾ ಅಂತೀವಿ. ಅವರು ಕನ್ನಡಕ ಏರಿಸಿ, ಬಾಯಲ್ಲೇ ಗುಣಿಸುತ್ತಾ ಒಂದೊಂದಾಗಿ ಪಕ್ಕಕ್ಕಿಟ್ಟರು.

"ಎಲ್ಲಾ ಎಂಟಾಣೆ ಬಂದಾವ ನೋಡವಾ."

"ಅಂದ್ರ ಕಾಕಾ?"

"ತಪ್ಪಿದ್ದು ಎಲ್ಲಾದ್ರಾಗೂ ಕೊನಿಗೆ ಐವತ್ತು ಪೈಸಾ ಐತಿ. ನಾವು ಎಂಟಾಣೆ ಬಂದ್ರ ಮ್ಯಾಲಿನ ರೂಪಾಯಿಗೆ ಹಾಕ್ತೀವಿ. ನಿನ್ನ ಮಶಿನ್ ಏನ್ ಮಾಡತೈತಿ?"

ಪ್ರೋಗ್ರಾಮೂ ಹಾಗೇ ಮಾಡುತ್ತದೆ ಅಂತ ನಾನು ನಂಬಿದ್ದೆ. ಮನೆಗೆ ಹೋಗಿ ಎರಡು ಲೆಕ್ಕ ಓಡಿಸಿದೆ. 46.5 ಕಿಲೋ, ಕ್ವಿಂಟಲಿಗೆ 18,100 ರೂಪಾಯಿ ದರ. ಬರಬೇಕಾದ್ದು 8,416.50. ರೌಂಡ್ ಮಾಡು ಅಂದರೆ 8,416 ಅಂತು. ಕೈಪಟ್ಟಿಯಲ್ಲಿ 8,417. ಅದೇ ದರಕ್ಕೆ 47.5 ಕಿಲೋ ಕೊಟ್ಟೆ. 8,597.50. ಇದಕ್ಕೆ 8,598 ಅಂತು, ಕೈಪಟ್ಟಿಯಷ್ಟೇ. ಒಂದು ಎಂಟಾಣೆ ಕೆಳಗೆ ಹೋಯಿತು, ಒಂದು ಎಂಟಾಣೆ ಮೇಲೆ ಹೋಯಿತು!

ಪೈಥಾನಿನ ದಾಖಲೆ ತೆಗೆದು ನಿಧಾನವಾಗಿ ಓದಿದೆ. ಸರಿಯಾಗಿ ಅರ್ಧ ಬಂದಾಗ ಪೈಥಾನ್ 3 ಹತ್ತಿರದ ಸಮಸಂಖ್ಯೆಗೆ ಹೋಗುತ್ತದೆ. 8,416 ಸಮ, ಹಾಗಾಗಿ ಕೆಳಗೆ. 8,598 ಸಮ, ಹಾಗಾಗಿ ಮೇಲೆ. ಯಾವಾಗಲೂ ಮೇಲಕ್ಕೇ ಹಾಕುತ್ತಾ ಹೋದರೆ ಸಾವಿರಾರು ಲೆಕ್ಕ ಕೂಡಿದಾಗ ಒಟ್ಟು ಮೊತ್ತ ಒಂದೇ ಕಡೆ ವಾಲುತ್ತದೆ, ಅದನ್ನು ತಪ್ಪಿಸಲು ಈ ಪದ್ಧತಿ. ಇದಕ್ಕೆ ಬ್ಯಾಂಕರ್ಸ್ ರೌಂಡಿಂಗ್ ಅಂತಲೂ ಕರೆಯುತ್ತಾರೆ. ಕಾಕಾಗೆ ಹೇಳಿದರೆ, "ಬ್ಯಾಂಕಿನ್ಯಾಗ ನಡೀಲಿ, ನಮ್ಮ ಪ್ಯಾಟ್ಯಾಗ ನಡೆಯಂಗಿಲ್ಲವಾ" ಅಂದರು. ಸರಿಯೇ. ದುಡ್ಡಿನ ಲೆಕ್ಕಕ್ಕೆ ಪೈಥಾನಿನಲ್ಲಿ ಡೆಸಿಮಲ್ ಅಂತ ಬೇರೆ ಮಾಡ್ಯೂಲ್ ಇದೆ. ಅದರಲ್ಲಿ ಅರ್ಧವನ್ನು ಮೇಲಕ್ಕೇ ಹಾಕು ಅಂತ ನಾವೇ ಹೇಳಬಹುದು. ಇನ್ನೊಂದು ತೊಂದರೆಯೂ ಅದರಲ್ಲಿ ತಪ್ಪಿತು. ಮಾಮೂಲಿ ದಶಮಾಂಶದಲ್ಲಿ 0.1ಕ್ಕೆ 0.2 ಕೂಡಿಸಿದರೆ 0.30000000000000004 ಅಂತ ಬರುತ್ತದೆ. ಕಂಪ್ಯೂಟರ್ ಎರಡರ ಲೆಕ್ಕದಲ್ಲಿ ನಡೆಯುವುದರಿಂದ ಹತ್ತನೇ ಒಂದು ಭಾಗವನ್ನು ಪೂರ್ತಿ ಹಿಡಿದಿಡಲು ಆಗುವುದಿಲ್ಲ.

ಆ ರೂಪಾಯಿಯ ಹಿಂದೆ ಓಡುವಾಗ ನನ್ನೊಳಗೆ ಏನೋ ಬದಲಾಗಿತ್ತು. ಮೊದಲಾಗಿದ್ದರೆ "ನಾನು ದಡ್ಡಿ" ಅಂತ ಕೂರುತ್ತಿದ್ದೆ. ಈ ಸಲ "ಇದರಲ್ಲಿ ಏನೋ ಕ್ರಮ ಇದೆ, ಅದು ನನಗೆ ಇನ್ನೂ ಕಂಡಿಲ್ಲ" ಅಂತ ಅನ್ನಿಸುತ್ತಿತ್ತು. ಈ ಬದಲಾವಣೆ ಯಾವುದೋ ಉತ್ಸಾಹದ ಭಾಷಣದಿಂದ ಬಂದದ್ದಲ್ಲ. ಹುಬ್ಬಳ್ಳಿಯ ಆ ಕ್ಲಾಸಿನಲ್ಲೂ ಆಗುತ್ತೆ ಅಂದ್ಕೊಂಡ್ರೆ ಆಗುತ್ತೆ ಅಂತ ಬಹಳ ಹೇಳುತ್ತಿದ್ದರು. ಕ್ಯಾರೊಲ್ ಡ್ವೆಕ್ ಅನ್ನುವ ಅಮೆರಿಕದ ಮನಶ್ಶಾಸ್ತ್ರಜ್ಞೆಯ ಹೆಸರೂ ಅಲ್ಲೇ ಕೇಳಿದ್ದು. ಬುದ್ಧಿ ಹುಟ್ಟಿನಿಂದ ಬಂದಷ್ಟೇ ಅಲ್ಲ, ಬೆಳೆಸಿಕೊಳ್ಳಬಹುದು ಅನ್ನುವುದು ಅವರ ಮಾತು. ಆದರೆ ಬರೀ ಒದ್ದಾಡಿದರೆ ಸಾಲದು, ದಾರಿ ಬದಲಿಸಿ ನೋಡಬೇಕು, ಬೇರೆಯವರ ನೆರವು ಕೇಳಬೇಕು ಅಂತಲೂ ಅವರು ಹೇಳಿದ್ದಾರೆ. ಆ ಅರ್ಧವನ್ನು ಕ್ಲಾಸಿನಲ್ಲಿ ಯಾರೂ ಹೇಳಲಿಲ್ಲ. ನನಗೆ ಕೈಹಿಡಿದದ್ದು ಆ ಅರ್ಧವೇ.

ಹಂಗಾಮು ಬಂದಾಗ ಓದು ನಿಂತಿತು. ಜನವರಿಯಿಂದ ಮಾರ್ಚ್‌ವರೆಗೆ ಪೇಟೆಯಲ್ಲಿ ಉಸಿರಾಡಲೂ ಪುರುಸೊತ್ತಿರಲ್ಲ. ಘಾಟಿಗೆ ಮೂಗು, ಕಣ್ಣು ಉರಿಯುತ್ತಿರುತ್ತದೆ, ಮನೆಗೆ ಬಂದರೆ ಮಲಗಿದರೆ ಸಾಕು. ಲ್ಯಾಪ್‌ಟಾಪ್ ಮೇಲೆ ಧೂಳು ಕೂತಿತು. ಏಪ್ರಿಲಿನಲ್ಲಿ ತೆಗೆದಾಗ ಫಂಕ್ಷನ್ ಬರೆಯುವುದು ಹೇಗೆ ಅನ್ನುವುದೂ ಮರೆತಿತ್ತು. ಎಲ್ಲಾ ಹೋಯಿತು ಅನ್ನಿಸಿ ಎದೆ ಕುಸಿಯಿತು. ಆದರೆ ಹಳೇ ಅಭ್ಯಾಸಗಳನ್ನು ಮತ್ತೆ ಮಾಡಲು ಕೂತಾಗ, ಮೊದಲು ವಾರಗಟ್ಟಲೆ ಹಿಡಿದದ್ದು ಈಗ ಎರಡು ಮೂರು ಸಂಜೆಯಲ್ಲಿ ಕೈಗೆ ಬಂತು. ಆಮೇಲೆ ತಿಳಿಯಿತು, ಇದು ನನ್ನೊಬ್ಬಳ ಅನುಭವ ಅಲ್ಲ. ಜರ್ಮನಿಯ ಹರ್ಮನ್ ಎಬಿಂಗ್‌ಹೌಸ್ ತಮ್ಮ ಮೇಲೆಯೇ ಪ್ರಯೋಗ ಮಾಡಿಕೊಂಡು 1885ರಲ್ಲೇ ಇದನ್ನು ಬರೆದಿದ್ದರು. ಕಲಿತದ್ದು ಬೇಗ ಮರೆತುಹೋಗುತ್ತದೆ, ಆದರೆ ಎರಡನೇ ಸಲ ಕಲಿಯಲು ಹಿಡಿಯುವ ಸಮಯ ಕಡಿಮೆ. ನಮ್ಮಂಥ ಕೆಲಸ ಮಾಡುತ್ತಾ ಕಲಿಯುವವರಿಗೆ, ಹೆರಿಗೆ, ಕಾಯಿಲೆ, ಸುಗ್ಗಿ ಅಂತ ಮಧ್ಯೆ ಬಿಡಬೇಕಾದವರಿಗೆ ಇದು ಗೊತ್ತಿರಲೇಬೇಕು. ತಿಂಗಳುಗಟ್ಟಲೆ ಬಿಟ್ಟೆ ಅಂತ ಮತ್ತೆ ಕೂರಲು ನಾಚಿಕೊಳ್ಳಬೇಡಿ.

ಅದೇ ಬೇಸಿಗೆಯಲ್ಲಿ ತಮ್ಮ ಗಿಟ್ ಹಾಕಿಕೊಟ್ಟ. ಲಿನಸ್ ಟೊರ್ವಾಲ್ಡ್ಸ್ 2005ರಲ್ಲಿ ಲಿನಕ್ಸ್ ಅನ್ನುವ ಆಪರೇಟಿಂಗ್ ಸಿಸ್ಟಮಿನ ಕೆಲಸಕ್ಕೆ ಅಂತ ಮಾಡಿಕೊಂಡ ಸಾಧನ ಇದು. ಕೋಡ್ ಓಡುತ್ತಿರುವಾಗ ಒಂದು ಕಮಿಟ್ ಮಾಡಿಟ್ಟರೆ, ಅಂದ್ರೆ ಆಗ ಇದ್ದ ಹಾಗೇ ಉಳಿಸಿಟ್ಟರೆ, ಆಮೇಲೆ ಏನೇ ಹಾಳಾದರೂ ಅಲ್ಲಿಗೆ ವಾಪಸ್ ಬರಬಹುದು. ಅಲ್ಲಿಯವರೆಗೆ ಓಡುವ ಪ್ರೋಗ್ರಾಮನ್ನು ಮುಟ್ಟಲು ನನಗೆ ಹೆದರಿಕೆ. "ಫೈನಲ್", "ಫೈನಲ್ ಹೊಸದು", "ಫೈನಲ್ ಮುಟ್ಟಬೇಡಿ" ಅಂತ ಫೈಲುಗಳ ಸಾಲೇ ಇತ್ತು. ಗಿಟ್ ಬಂದಮೇಲೆ ಧೈರ್ಯವಾಗಿ ಮುರಿದು ನೋಡತೊಡಗಿದೆ. ಮುರಿದು ನೋಡಿದಾಗಲೇ ಯಾವ ಸಾಲು ಯಾಕಿದೆ ಅಂತ ಗೊತ್ತಾಗುವುದು. ಗಿಟ್ಟನ್ನು ಚೆನ್ನಾಗಿ ಪಳಗಿದಮೇಲೆ ಕಲಿಯಿರಿ ಅನ್ನುತ್ತಾರೆ, ನನಗೆ ಅದು ಒಪ್ಪಿಗೆ ಇಲ್ಲ. ಹೆದರಿಕೆ ಇರುವುದು ಹೊಸಬರಿಗೆ, ಬೇಕಾಗಿರುವುದೂ ಅವರಿಗೇ.

ಪಟ್ಟಿಯ ಮೇಲೆ ರೈತರ ಹೆಸರು ಕನ್ನಡದಲ್ಲಿ ಬರಬೇಕು ಅನ್ನುವುದು ನನ್ನ ಹಟವಾಗಿತ್ತು. ಅಲ್ಲಿ ಹೊಸ ಕಷ್ಟ. ಅಂಗಡಿಯ ಹಳೇ ಹೆಸರುಗಳೆಲ್ಲಾ ಹಳೇ ಫಾಂಟಿನಲ್ಲಿ ಟೈಪ್ ಆದವು. ಪೈಥಾನಿನಲ್ಲಿ ತೆಗೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು. ಎಲ್ಲಾ ಭಾಷೆಯ ಅಕ್ಷರಗಳಿಗೂ ಒಂದೇ ಸಂಕೇತ ಪದ್ಧತಿಯಾದ ಯೂನಿಕೋಡಿಗೆ ಬದಲಿಸಿಕೊಂಡೆ. ಆಮೇಲೂ ಫೈಲ್ ತೆಗೆಯುವಾಗ ಯೂನಿಕೋಡ್ ಉಳಿಸುವ ರೀತಿ ಯುಟಿಎಫ್-8 ಅಂತ ಹೇಳದಿದ್ದರೆ ನಮ್ಮ ವಿಂಡೋಸ್ ಯಂತ್ರದಲ್ಲಿ ಎರರ್. ಅದೂ ಸರಿಹೋದಮೇಲೆ ಸಾಲುಗಳು ಸೊಟ್ಟ. ಬಸವ್ವ ಅಂದ್ರೆ ನಮ್ಮ ಕಣ್ಣಿಗೆ ಮೂರು ಅಕ್ಷರ. ಪೈಥಾನ್ ಎಣಿಸಿದರೆ ಐದು. ಬ, ಸ, ವ, ಹಲಂತ, ಮತ್ತೆ ವ. ಇಷ್ಟು ಹೆಸರಿಗೆ ಇಷ್ಟು ಜಾಗ ಅಂತ ಲೆಕ್ಕ ಹಾಕಿ ಬರೆದದ್ದೆಲ್ಲಾ ತಪ್ಪಿತು. ಇಂಥ ಕಡೆ ಕಲಿಯುವವರು ತಮ್ಮನ್ನು ಬೈದುಕೊಳ್ಳಬಾರದು. ಇಂಗ್ಲಿಷಿನಲ್ಲಿ ಹೆಸರು ಮುದ್ರಿಸುವವರಿಗೆ ಈ ಕಷ್ಟ ಯಾವುದೂ ಇಲ್ಲ. ನಮಗೆ ದಾರಿ ಒಂದಿಷ್ಟು ಉದ್ದ, ನಾವು ನಿಧಾನ ಅಂತಲ್ಲ.

ದಿನದ ರೂಢಿಗಳನ್ನೂ ಹೇಳಬೇಕು, ಯಾಕಂದ್ರೆ ಮನಸ್ಸು ಗಟ್ಟಿ ಇರುವುದು ಅವುಗಳಿಂದ. ಅರ್ಧ ಗಂಟೆ ಒಂದೇ ಕಡೆ ಸಿಕ್ಕಿಕೊಂಡರೆ ಎದ್ದುಬಿಡುತ್ತೇನೆ. ನೀರು ಕುಡಿದು, ಅಂಗಳಕ್ಕೆ ಹೋಗಿ ಬರುತ್ತೇನೆ. ರಾತ್ರಿ ಹತ್ತಾದರೆ ಮುಚ್ಚಿಡುತ್ತೇನೆ, ಇನ್ನೇನು ಸಿಕ್ಕೇಬಿಟ್ಟಿತು ಅನ್ನಿಸುತ್ತಿದ್ದರೂ. ನಿದ್ದೆಗೆಟ್ಟು ಬರೆದ ಕೋಡನ್ನು ಬೆಳಿಗ್ಗೆ ಅಳಿಸಬೇಕಾಗುತ್ತದೆ, ಅಂಗಡಿಯ ಲೆಕ್ಕವೂ ಕೆಡುತ್ತದೆ. ಮುಚ್ಚುವ ಮುಂಚೆ ನೋಟ್‌ಬುಕ್ಕಿನಲ್ಲಿ ಎರಡು ಸಾಲು: ಇವತ್ತು ಏನು ಮಾಡಿ ನೋಡಿದೆ, ನಾಳೆ ಮೊದಲು ಏನು ನೋಡಬೇಕು. ಮರುದಿನ ಎಲ್ಲಿಂದ ಶುರು ಮಾಡಲಿ ಅನ್ನುವ ಸೋಮಾರಿತನಕ್ಕೆ ಜಾಗ ಇರಲ್ಲ. ಮೂರು ತಿಂಗಳಲ್ಲಿ ಡೆವಲಪರ್ ಆಗಿ ಅನ್ನುವ ವಿಡಿಯೋಗಳನ್ನು ನೋಡುವುದು ಬಿಟ್ಟೆ. ಬದಲಿಗೆ ನಾನೇ ಹಿಂದೆ ಬರೆದ ಕೋಡ್ ತೆಗೆದು ಓದುತ್ತೇನೆ. ಎಷ್ಟು ಸುತ್ತಿ ಬಳಸಿ ಬರೆದಿದ್ದೆ ಅಂತ ಕಂಡಾಗ ಆಗುವ ಖುಷಿ ಯಾವ ಸರ್ಟಿಫಿಕೇಟಿನಿಂದಲೂ ಆಗಿಲ್ಲ.

ನೆಂಟರು ಸಿಕ್ಕಾಗ "ಕಂಪ್ಯೂಟರ್ ಕಲ್ತಿ ಅಂತಲ್ಲ, ಬೆಂಗಳೂರಾಗ ನೌಕರಿ ಸಿಕ್ತೇನು?" ಅಂತ ಕೇಳುತ್ತಾರೆ. ನನಗೆ ತಿಂಗಳ ಸಂಬಳ ಬರುತ್ತದೆ, ಹಾಗಾಗಿ ಈ ಪ್ರಶ್ನೆ ನನ್ನನ್ನು ಅಷ್ಟು ಚುಚ್ಚುವುದಿಲ್ಲ. ನೌಕರಿಗೆ ಅಂತಲೇ, ಸಾಲ ಮಾಡಿ ಕಲಿಯುವವರ ಮೇಲಿನ ಭಾರ ಬೇರೆ. ಅವರಿಗೆ ನಿಧಾನ ಕಲಿಯಿರಿ ಅಂತ ಸುಮ್ನೆ ಹೇಳಿಬಿಡುವುದು ಸುಲಭ ಅಲ್ಲ. ಅವರೂ ತಮ್ಮದೇ ಒಂದು ಸಣ್ಣ ಕೆಲಸ ಹಿಡಿದು ಕಲಿಯಲಿ ಅಂತ ಮಾತ್ರ ಹೇಳುತ್ತೇನೆ. ಅಪ್ಪನ ಕಿರಾಣಿ ಅಂಗಡಿಯ ಉದ್ರಿ ಲೆಕ್ಕ ಇರಬಹುದು, ಊರಿನ ಹಾಲಿನ ಡೇರಿಯ ಲೆಕ್ಕ ಇರಬಹುದು. ಪಾಠದ ಉದಾಹರಣೆ ಓಡದಿದ್ದರೆ ಬಿಟ್ಟು ಮುಂದೆ ಹೋಗಬಹುದು. ಎಂಟಾಣೆ ತಾಳೆಯಾಗದಿದ್ದರೆ ನನಗೆ ಬಿಟ್ಟು ಹೋಗಲು ಆಗುತ್ತಿರಲಿಲ್ಲ.

ಈ ಹಂಗಾಮಿನಲ್ಲಿ ಕೈಪಟ್ಟಿ, ಪ್ರೋಗ್ರಾಮಿನ ಪಟ್ಟಿ ಎರಡೂ ಜೊತೆಗೆ ನಡೆಯಬೇಕು ಅಂತ ಕಾಕಾ ಷರತ್ತು ಹಾಕಿದ್ದಾರೆ. ಎರಡೂ ತಾಳೆಯಾದರೆ ಮುಂದಿನ ವರ್ಷ ನೋಡೋಣ ಅಂದಿದ್ದಾರೆ ಸಾವ್ಕಾರರು. ಅಷ್ಟರೊಳಗೆ ಲಾಟಿನ ವಿವರವನ್ನು ಫೈಲಿನಿಂದ ತೆಗೆದು, ಮಾಹಿತಿಯನ್ನು ಟೇಬಲ್ ಮಾಡಿ ಇಡುವ ಎಸ್‌ಕ್ಯೂಲೈಟಿಗೆ ಹಾಕಬೇಕು ಅಂತ ಕೂತಿದ್ದೇನೆ. ರೈತರದು ಒಂದು ಟೇಬಲ್, ಲಾಟಿನದು ಒಂದು ಟೇಬಲ್. ಎರಡನ್ನೂ ಜಾಯಿನ್ ಮಾಡಿದರೆ, ಅಂದ್ರೆ ಹೊಂದಿಸಿ ಜೋಡಿಸಿದರೆ, ಒಂದೊಂದು ಲಾಟು ಎರಡೆರಡು ಸಲ ಬರುತ್ತಿದೆ. ಕಾರಣ ಇನ್ನೂ ಸಿಕ್ಕಿಲ್ಲ. ಎರಡು ಸಲ ಬರುವ ಲಾಟುಗಳನ್ನು ಬೇರೆ ತೆಗೆದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ. ಒಂದೇ ರೈತರ ಹೆಸರು ಎರಡು ಕಡೆ ಸೇರಿದೆಯಾ ಅಂತ ನಾಳೆ ಮೊದಲು ನೋಡಬೇಕು. ಅಲ್ಲದಿದ್ದರೆ ಭಾನುವಾರ ತಮ್ಮ ಬರುತ್ತಾನೆ, ಕೇಳುತ್ತೇನೆ.